ಡಾಕ್ಟರ ಜೀಪಿನ ಹಳದಿ ದೀಪ

ಮಂಜರಿ ಅವನನ್ನು ಮೊದಲ ಸಲ ನೋಡಿದ್ದು ಒಂದು ಟೆಂಪೋದ ಕೆಳಗಿನಿಂದ. ಆದ್ದರಿಂದ ಮೊದಲು ಕಂಡದ್ದು ಮುಖವಲ್ಲ, ಗಮ್‌ಬೂಟು. ಮೊಣಕಾಲಿನವರೆಗೆ ಕೆಸರು, ಕೆಸರಿನ ಮೇಲೆ ಹುಲ್ಲಿನ ಕಡ್ಡಿ. ಪುಣೆಯ ಧನಕವಡಿಯ ಆ ಗಲ್ಲಿಗೆ ಸ್ಪೋರ್ಟ್ಸ್ ಶೂ ಹಾಕಿದ ಕಾಲೇಜು ಹುಡುಗರು ಬರುತ್ತಿದ್ದರು, ಚಪ್ಪಲಿ ಹಾಕಿದ ರಿಕ್ಷಾದವರು ಬರುತ್ತಿದ್ದರು. ಇಂಥ ಕಾಲುಗಳು ಬಂದದ್ದು ಇದೇ ಮೊದಲು.

"ದಾದಾ," ಎಂದವು ಗಮ್‌ಬೂಟುಗಳು ಮರಾಠಿಯಲ್ಲಿ. "ಜೀಪಿನ ಮುಂದಿನ ಎಕ್ಸ್‌ಟ್ರಾ ಲೈಟು ಹತ್ತುತ್ತಿಲ್ಲ. ಸ್ವಲ್ಪ ನೋಡ್ತೀರಾ?"

ಅಣ್ಣಾ ಎಂದು ಕರೆಸಿಕೊಂಡ ಆ 'ದಾದಾ' ಟೆಂಪೋದ ಕೆಳಗಿನಿಂದ ಸರಿದು ಹೊರಗೆ ಬಂದಳು. ಕೆನ್ನೆಗೆ ಗ್ರೀಸು, ಹಲ್ಲಿನ ನಡುವೆ ಇನ್ಸುಲೇಷನ್ ಟೇಪು, ಕೈಯಲ್ಲಿ ಟೆಸ್ಟ್ ಲ್ಯಾಂಪು. ಗಮ್‌ಬೂಟಿನ ಒಡೆಯ ಬೆಚ್ಚಿ ಹಿಂದೆ ಸರಿದು ತನ್ನದೇ ಜೀಪಿಗೆ ತಲೆ ಹೊಡೆದುಕೊಂಡ.

ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ ಶಿವಬಸವ್ವಜ್ಜಿ ಇದನ್ನೆಲ್ಲ ಕಣ್ತುಂಬ ನೋಡಿದಳು. ನೋಡಿದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳುವ ಅಭ್ಯಾಸ ಆಕೆಗಿಲ್ಲ. ಮೊಮ್ಮಗಳ ಕಡೆ ತಿರುಗಿ ಕನ್ನಡದಲ್ಲಿ, ಜೋರಾಗಿಯೇ ಹೇಳಿದಳು. "ಹುಡುಗ ನೋಡಾಕ ಭಾಳ ಚಂದ ಅದಾನ ಮಂಜೂ. ಆದ್ರ ಅಂಗಿ ನೋಡು, ಎಮ್ಮಿ ನೆಕ್ಕಿದಂಗ ಆಗೇದ."

ಪುಣೆಯಲ್ಲಿ ಕನ್ನಡ ಆಡಿದರೆ ಎದುರಿಗಿದ್ದವರಿಗೆ ತಿಳಿಯುವುದಿಲ್ಲ ಎಂಬ ಧೈರ್ಯದ ಮೇಲೆ ಅಜ್ಜಿ ಅರ್ಧ ಆಯುಷ್ಯ ಕಳೆದಿದ್ದಳು. ಆ ಧೈರ್ಯ ಅಂದು ಮುರಿಯಿತು.

"ಎಮ್ಮಿನೇ ನೆಕ್ಕೇದ್ರಿ ಅಜ್ಜಿ," ಎಂದ ಆತ ತಲೆ ಉಜ್ಜಿಕೊಳ್ಳುತ್ತ. "ಮುಂಜಾನೆ ಶಿರೂರ್ ಕಡೆ ಕರಾ ಹಾಕ್ತು. ಕರಾನ್ನ ನೆಕ್ಕೂದು ಬಿಟ್ಟು ನನ್ನ ನೆಕ್ಕಿತು. ಅಂಗಿದು ಬಿಡ್ರಿ, ಮೊದಲಿನ ಮಾತು ಇನ್ನೊಮ್ಮೆ ಹೇಳ್ರಿ."

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಂಜರಿಗೆ ನಗು ತಡೆಯಲಾಗಲಿಲ್ಲ. ಹಲ್ಲಿನ ನಡುವಿನ ಟೇಪು ಉರುಳಿಕೊಂಡು ಹೋಗಿ ಅವನ ಬೂಟಿನ ಮುಂದೆ ನಿಂತಿತು. ಅವನು ಬಗ್ಗಿ ಎತ್ತಿದ, ಒರೆಸಿದ, ಕೊಟ್ಟ. ಕೊಡುವಾಗ ಕೈಯನ್ನು ನೋಡಲಿಲ್ಲ, ಮುಖವನ್ನೇ ನೋಡಿದ. ಇಷ್ಟಕ್ಕೆ ಏನಾಯಿತು ಎನ್ನುತ್ತೀರಾ? ಏನೂ ಆಗಲಿಲ್ಲ. ಆದರೆ ಮಂಜರಿ ಆ ಹೊತ್ತು ಟೆಂಪೋದ ಒಂದು ಸ್ಕ್ರೂ ಹಾಕುವುದನ್ನು ಮರೆತಳು. ಅವಳ ಕೈಯಿಂದ ಹಿಂದೆಂದೂ ಹಾಗೆ ಆದದ್ದಿಲ್ಲ.

ಅವನ ಹೆಸರು ಅವಧೂತ. ದನದ ಡಾಕ್ಟರು. ಅವನ ಅಜ್ಜನ ಕಾಲಕ್ಕೆ ಧಾರವಾಡದಿಂದ ಬಂದ ಮನೆತನ, ಈಗ ತಾಯಿಯ ಜೊತೆ ಕೊಂಢವಾದಲ್ಲಿ ವಾಸ. ಕೆಲಸವೆಲ್ಲ ಶಿರೂರಿನ ಕಡೆಯ ಹಳ್ಳಿಗಳಲ್ಲಿ. ಆಕಳು, ಎಮ್ಮೆಗಳು ಡಾಕ್ಟರ ಟೈಮ್ ನೋಡಿ ಜಡ್ಡು ಬೀಳುವುದಿಲ್ಲವಾದ್ದರಿಂದ ಸೂರ್ಯ ಹುಟ್ಟುವ ಮೊದಲೇ ಹೊರಡಬೇಕು. ಚಳಿಗಾಲದಲ್ಲಿ ಆ ರಸ್ತೆಯ ಮೇಲೆ ಮಂಜು ಗೋಡೆ ಕಟ್ಟಿದಂತೆ ನಿಲ್ಲುತ್ತದೆ. ಹೆಡ್‌ಲೈಟಿನ ಬಿಳಿ ಬೆಳಕು ಆ ಗೋಡೆಗೆ ಬಡಿದು ವಾಪಸು ಕಣ್ಣಿಗೇ ಹೊಡೆಯುತ್ತದೆ. ಅದಕ್ಕೇ ಅವನ ಹಳೆಯ ಜೀಪಿನ ಬಂಪರಿನ ಮೇಲೆ, ತಗ್ಗಿನಲ್ಲಿ, ಎರಡು ಹಳದಿ ಫಾಗ್ ಲೈಟು ಕೂರಿಸಿದ್ದರು. ಅವು ಹತ್ತಿದರೆ ರಸ್ತೆಯ ಅಂಚು ಕಾಣುತ್ತದೆ. ಹತ್ತದಿದ್ದರೆ ದೇವರೇ ಗತಿ.

ಮಂಜರಿ ಬಾನೆಟ್ಟು ಎತ್ತಿದಳು. ಫ್ಯೂಸು ಸುಟ್ಟಿತ್ತು. ಫ್ಯೂಸು ಸುಮ್ಮನೆ ಸುಡುವುದಿಲ್ಲ ಎಂದು ಅಪ್ಪ ಮಲಕಪ್ಪ ಅವಳಿಗೆ ಸಣ್ಣವಳಿದ್ದಾಗಲೇ ಕಲಿಸಿದ್ದ. ಇಂಡಿ ತಾಲೂಕಿನಿಂದ ಬಂದು ಈ ಅಂಗಡಿ ಹಾಕಿದವನು ಅವನೇ. ಕಣ್ಣಿನ ಆಪರೇಷನ್ ಆದ ಮೇಲೆ ಮನೆಯಲ್ಲಿ ಕೂತು ಮಗಳಿಂದ ದಿನದ ವರದಿ ಕೇಳುತ್ತಾನೆ. ಬೋರ್ಡಿನ ಮೇಲೆ ಮಾತ್ರ ಇನ್ನೂ 'ಮಲಕಪ್ಪ ಆಟೋ ಇಲೆಕ್ಟ್ರಿಕ್' ಎಂದೇ ಇದೆ. ಡಿಪ್ಲೊಮಾ ಮುಗಿಸಿ ಬಂದ ಮಗಳಿಗೆ ಆ ಬೋರ್ಡಿನ ಮೇಲೆ ಭಾರೀ ಅಭಿಮಾನ.

ಲೈಟಿನ ವೈರು ಬಂಪರಿನ ಅಂಚಿಗೆ ತಿಕ್ಕಿ ಒಂದು ಕಡೆ ಸುಲಿದಿತ್ತು. ಅಲ್ಲಿಗೆ ಟೇಪು ಸುತ್ತಿದಳು, ಹೊಸ ಫ್ಯೂಸು ಹಾಕಿದಳು, ಸ್ವಿಚ್ಚು ಒತ್ತಿದಳು. ಎದುರಿನ ಪ್ರಲ್ಹಾದನ ಟೈರ್ ಅಂಗಡಿಯ ಗೋಡೆಯ ಮೇಲೆ ಎರಡು ಹಳದಿ ವರ್ತುಲಗಳು ಅರಳಿದವು.

"ಆತ್ರಿ ಡಾಕ್ಟರ್."

"ಇಷ್ಟು ಲಗೂನ?" ಎಂದ ಅವಧೂತ. ಅವನ ದನಿಯಲ್ಲಿ ಸಂತೋಷಕ್ಕಿಂತ ಬೇಸರವೇ ಹೆಚ್ಚು ಇದ್ದಂತಿತ್ತು.

ಜೀಪು ಹೊರಡುವ ಮೊದಲು ಅಜ್ಜಿ ಎದ್ದು ಬಂದಳು. ಶನಿವಾರ ಅಂಗಡಿಯಿಂದ ಹೊರಡುವ ಪ್ರತಿ ಗಾಡಿಗೂ ಒಂದು ನಿಂಬೆಹಣ್ಣು, ಕೆಳಗೊಂದಿಷ್ಟು ಹಸಿಮೆಣಸಿನಕಾಯಿ ಪೋಣಿಸಿ ಕಟ್ಟುವುದು ಅವಳ ಪದ್ಧತಿ. ಬೇರೆ ಗಾಡಿಗಳಿಗೆ ಬಂಪರಿನ ಕೊಕ್ಕೆಗೆ ಕಟ್ಟುತ್ತಿದ್ದಳು. ಈ ಜೀಪಿಗೆ ಮಾತ್ರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹಳದಿ ದೀಪಕ್ಕೇ ಕಟ್ಟಿದಳು.

"ಅಜ್ಜಿ, ನನಗ ದೃಷ್ಟಿ ಆಗೂದಿಲ್ಲೇನು? ನನಗೂ ಕಟ್ಟ್ರಿ," ಎಂದ ಅವಧೂತ.

"ನಿನಗ ಕಟ್ಟಾಕ ಬ್ಯಾರೆ ಯಾರರೆ ಬರ್ತಾರ ತಡಿ," ಎಂದಳು ಅಜ್ಜಿ. ಮಂಜರಿ ಅವಸರದಿಂದ ಟೆಂಪೋದ ಕೆಳಗೆ ಹೊಕ್ಕಳು.

ಮುಂದಿನ ಶನಿವಾರ ಜೀಪು ಮತ್ತೆ ಬಂತು. ಮತ್ತೆ ಫ್ಯೂಸು ಸುಟ್ಟಿತ್ತು. ಅಜ್ಜಿ ಕಟ್ಟಿದ ನಿಂಬೆಹಣ್ಣು ಹಾದಿಯಲ್ಲೆಲ್ಲೋ ಉದುರಿ ಹೋಗಿತ್ತು.

"ನೋಡಿದ್ಯಾ?" ಎಂದಳು ಅಜ್ಜಿ. "ದೃಷ್ಟಿ ಎಷ್ಟು ಕಡಕ್ ಇತ್ತಂದ್ರ ನಿಂಬಿಹಣ್ಣೇ ಉಳೀಲಿಲ್ಲ."

ಮಂಜರಿ ದೃಷ್ಟಿಯನ್ನು ಅಜ್ಜಿಗೆ ಬಿಟ್ಟು, ದೀಪಕ್ಕೆ ಕರೆಂಟು ಹಾಯಿಸುವ ರಿಲೇ ಹಿಡಿದು ಕೂತಳು. ಸ್ವಿಚ್ಚು ಒತ್ತಿದರೆ 'ಟಕ್' ಎನ್ನುತ್ತಿತ್ತು. ವೈರನ್ನು ಮೀಟರಿಟ್ಟು ಅಳೆದಳು. ಎಲ್ಲ ಸರಿ ಇತ್ತು. ಸಂಜೆಯ ಬೆಳಕು ಇಳಿದು ಡ್ಯಾಶ್‌ಬೋರ್ಡಿನ ಕೆಳಗೆ ಕತ್ತಲಾದಾಗ ಅವನ ಕೈಗೆ ಟಾರ್ಚು ಕೊಟ್ಟಳು.

"ವೈರಿನ ಮ್ಯಾಲೆ ಹಿಡೀರಿ."

"ಹಿಡದೇನ್ರಿ."

"ಅದು ವೈರಲ್ಲ ಡಾಕ್ಟರ್. ನನ್ನ ಕಿವಿ."

"ಹೌದಲ್ಲ. ಓಲೆ ಥಳಥಳ ಅಂತು, ನಾ ವೈರು ಅಂದುಕೊಂಡೆ."

"ದನಕ್ಕ ಇಂಜೆಕ್ಷನ್ ಮಾಡೂವಾಗ ಹಿಂಗೇ ಏನ್ರಿ? ಬಾಲ ಅಂತ ತಿಳಕೊಂಡು ಕೊಂಬಿಗೆ ಚುಚ್ತೀರಿ?"

"ದನ ಯಾವೂ ಇಷ್ಟು ಹತ್ರ ಕೂತು ಹಿಂಗ ನೋಡೂದಿಲ್ರಿ," ಎಂದ ಅವನು ಮೆಲ್ಲಗೆ.

ಬೆಳಕು ಕಿವಿಯಿಂದ ವೈರಿಗೆ ಇಳಿಯಲು ಸಾಕಷ್ಟು ಹೊತ್ತು ತೆಗೆದುಕೊಂಡಿತು. ಮಂಜರಿಯೂ ಅವಸರ ಮಾಡಲಿಲ್ಲ. ಅಂದು ರಿಲೇ ಬದಲಾಯಿಸಿದಳು, ದೀಪ ಹತ್ತಿತು. ಅಜ್ಜಿ ಹೋದ ಸಲಕ್ಕಿಂತ ಬಿಗಿಯಾಗಿ ನಿಂಬೆಹಣ್ಣು ಕಟ್ಟಿದಳು. ಜೀಪು ಹೋದ ಮೇಲೆ ಗಲ್ಲಿ ಒಮ್ಮೆಲೆ ಬರಿದಾದಂತೆ ಮಂಜರಿಗೆ ಅನ್ನಿಸಿತು. ಶನಿವಾರಕ್ಕೆ ಇನ್ನೂ ವಾರವಿಡೀ ಇತ್ತು.

ಅದರ ಮುಂದಿನ ಶನಿವಾರವೂ ಅಷ್ಟೇ. ಅವಳು ಸ್ವಿಚ್ಚು ಬದಲಾಯಿಸಿದಳು, ವೈರು ಪೂರ್ತಿ ಹೊಸದು ಎಳೆದಳು. ಹಳ್ಳಿಯಿಂದ ಅವನು ತಂದಿದ್ದ ಗಿಣ್ಣದ ಹಾಲನ್ನು ಅಜ್ಜಿ ಏಲಕ್ಕಿ ಹಾಕಿ ಕಾಸಿದಳು. ಮೂವರೂ ಬಾಗಿಲಲ್ಲಿ ಕೂತು ತಿಂದರು. ಅವನ ಮೀಸೆಗೆ ಗಿಣ್ಣ ಹತ್ತಿದ್ದನ್ನು ನೋಡಿ ಹೇಳಲೋ ಬೇಡವೋ ಎಂದು ಮಂಜರಿ ಬಹಳ ಹೊತ್ತು ವಿಚಾರ ಮಾಡಿದಳು. ಕೊನೆಗೆ ಹೇಳಲಿಲ್ಲ. ಹೇಳಿದರೆ ನೋಡುತ್ತಿದ್ದದ್ದು ಗೊತ್ತಾಗುತ್ತದಲ್ಲ.

ಇಷ್ಟರಲ್ಲಿ ಗಲ್ಲಿಗೆ ಎಲ್ಲ ತಿಳಿದುಹೋಗಿತ್ತು. ಎದುರಂಗಡಿಯ ಪ್ರಲ್ಹಾದ ಟೈರು ಉರುಳಿಸುತ್ತ ಬಂದು ಮರಾಠಿಯಲ್ಲಿ ಹೇಳಿದ. "ಮಂಜರಿ ಅಕ್ಕಾ, ಫ್ಯೂಸು ಜೀಪಿನದು ಹೋಗಿಲ್ಲ, ಡಾಕ್ಟರದ್ದು ಹೋಗಿದೆ. ಅವನೇ ವೈರು ಎಳೆದು ಬರ್ತಾನೆ ನೋಡು." ನಕ್ಕು, ಆಮೇಲೆ ಸ್ವಲ್ಪ ದನಿ ತಗ್ಗಿಸಿದ. "ಆದರೆ ಜನ ಹಾಗೆ ತಿಳಿಯೋದಿಲ್ಲ. ಮಲಕಪ್ಪನ ಮಗಳು ಮಾಡಿದ ರಿಪೇರಿ ವಾರ ನಿಲ್ಲೋದಿಲ್ಲ ಅಂತ ಸ್ಟ್ಯಾಂಡಿನಲ್ಲಿ ರಿಕ್ಷಾದವರು ಮಾತಾಡಿಕೊಳ್ತಾರೆ."

ಆ ರಾತ್ರಿ ಮಂಜರಿಗೆ ಊಟ ಸೇರಲಿಲ್ಲ. ಅವಳ ಪೇಚಾಟ ನೋಡಿ. ಅವನೇ ಬೇಕೆಂದು ದೀಪ ಕೆಡಿಸುತ್ತಿದ್ದರೆ ಅಪ್ಪನ ಬೋರ್ಡಿಗೆ ಮಸಿ ಬಳಿದ ಹಾಗೆ. ಅದನ್ನು ಅವಳು ಕ್ಷಮಿಸಲಾರಳು. ಅವನು ಕೆಡಿಸುತ್ತಿಲ್ಲವಾದರೆ ಅವನು ಬರುತ್ತಿರುವುದು ಬರೀ ದೀಪಕ್ಕೆ, ಅವಳಿಗಾಗಿ ಅಲ್ಲ, ಅದನ್ನು ತಡೆಯಲಾರಳು. ಫಾಲ್ಟು ಸಿಕ್ಕರೆ ಜೀಪು ಬರುವುದೇ ನಿಲ್ಲುತ್ತದೆ. ಸಿಗದಿದ್ದರೆ ಹೆಸರು ಹೋಗುತ್ತದೆ. ಯಾವ ಕಡೆ ಹೊರಳಿದರೂ ದಿಂಬು ಚುಚ್ಚುತ್ತಿತ್ತು.

ಶನಿವಾರ ಜೀಪು ಬಂತು. ಮಂಜರಿ ಬಾನೆಟ್ಟು ಎತ್ತಿದಳು. ಸುಟ್ಟ ಫ್ಯೂಸು. ಅದನ್ನು ಅಂಗೈಯಲ್ಲಿಟ್ಟು ಅವನ ಮುಂದೆ ಹಿಡಿದಳು.

"ಡಾಕ್ಟರ್, ಖರೇ ಹೇಳ್ರಿ. ವೈರು ನೀವೇ ಎಳೀತೀರೇನು?"

ಅವಧೂತನ ಮುಖ ಕಿವಿಯವರೆಗೆ ಕೆಂಪಾಯಿತು. ಒಂದು ಸಲ ಫ್ಯೂಸನ್ನು, ಒಂದು ಸಲ ಅವಳನ್ನು ನೋಡಿದ.

"ವೈರಿಗೆ ನಾ ಕೈ ಹಚ್ಚಿಲ್ರಿ. ಮುಂಜಾನೆ ಮಂಜಿನೊಳಗ ಹೋಗೂ ಮನಷ್ಯಾ ತನ್ನ ದೀಪ ತಾನೇ ಕೆಡಿಸ್ತಾನೇನು?"

"ಮತ್ತ ವಾರಾ ವಾರಾ ಹೆಂಗ ಕೆಡ್ತದ?"

"ಅದನ್ನ ನೀವು ಹೇಳಬೇಕ್ರಿ. ದನ ಪದೇ ಪದೇ ಜಡ್ಡು ಬಿದ್ರ ನಾವು ಬರೇ ದನಾ ನೋಡೂದಿಲ್ಲ. ಅದಕ್ಕ ಏನು ತಿನಿಸಿದ್ರಿ, ಯಾರು ತಿನಿಸಿದ್ರು ಅಂತ ಮನಿಯವರನ್ನ ಕೇಳ್ತೇವಿ. ಈ ಜೀಪು ಇಲ್ಲಿಂದ ಹೋದ ಮ್ಯಾಲೇ ಕೆಡ್ತದ."

"ಅಂದ್ರ ನನ್ನ ಕೈಯಾಗ ಖೋಟ್ ಅದ ಅಂತೀರಿ?"

"ನಾ ಹಂಗ ಅನ್ಲಿಲ್ಲ."

"ಅಂದಂಗೇ ಆತು." ಹೊಸ ಫ್ಯೂಸನ್ನು ಒತ್ತಿ ಕೂರಿಸಿ ಬಾನೆಟ್ಟನ್ನು ಧಡ್ ಎಂದು ಹಾಕಿದಳು. "ದೀಪ ಹತ್ಯಾವ. ನೀವಿನ್ನ ಬ್ಯಾರೆ ಅಂಗಡಿ ನೋಡಕೋರಿ."

ಅವನು ಜೀಪು ಹತ್ತಿ ಕೂತ. ಜೀಪು ಹೋಯಿತು. ಈ ಜಗಳದ ನಡುವೆಯೂ ಜೀಪಿನ ಮುಂದೆ ಕೂತು ತನ್ನ ಕೆಲಸ ಮುಗಿಸಿದ್ದ ಅಜ್ಜಿ, ಸೊಂಟ ಹಿಡಿದುಕೊಂಡು ಜೀಪು ಹೋದ ದಾರಿ ನೋಡಿದಳು. "ಎಂಥಾ ಹುಡುಗನ್ನ ಓಡಿಸಿದೆವ್ವಾ!" ಎಂದಳು. ಮಂಜರಿ ಒಳಗೆ ಹೋಗಿ ಸ್ಕ್ರೂಗಳ ಡಬ್ಬಿ ಹರವಿಕೊಂಡು ಕೂತಳು. ಬಾಯಿ ತೆರೆದರೆ ಅಳು ಬರುತ್ತಿತ್ತು.

ಸಂಜೆ ಮನೆಯಲ್ಲಿ ಮೆಂತ್ಯೆಸೊಪ್ಪು ಬಿಡಿಸಲು ಕೂತಳು. ಸೊಪ್ಪಿನ ಕಟ್ಟಿಗೆ ಸುತ್ತಿದ್ದ ತಾಮ್ರದ ಎಳೆಯನ್ನು ಬಿಚ್ಚುತ್ತಿದ್ದಳು. ಆ ಮನೆಯಲ್ಲಿ ದಾರ ಹುಡುಕಿದರೂ ಸಿಗುವುದಿಲ್ಲ. ಹಳೆಯ ವೈರಿನ ಪ್ಲಾಸ್ಟಿಕ್ ಸುಲಿದು ಒಳಗಿನ ತಾಮ್ರದ ಎಳೆಗಳನ್ನು ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಸೊಪ್ಪಿನ ಕಟ್ಟಿಗೆ ಅದೇ, ಕ್ಯಾಲೆಂಡರ್ ತೂಗು ಹಾಕಲು ಅದೇ, ಅಜ್ಜಿಯ ಕನ್ನಡಕದ ಮುರಿದ ಕಾಲಿಗೂ ಅದೇ. ಎಳೆಯ ತುದಿ ಬೆರಳಿಗೆ ಚುಚ್ಚಿತು. ಮಂಜರಿ ಬೆರಳನ್ನು ನೋಡಿದಳು, ಎಳೆಯನ್ನು ನೋಡಿದಳು. ಯಾರು ಏನು ತಿನಿಸಿದರು ಎಂದು ಮನೆಯವರನ್ನು ಕೇಳುತ್ತೇವೆ ಎಂದಿದ್ದನಲ್ಲವೇ ಅವನು?

"ಅಜ್ಜಿ," ಎಂದಳು ನಿಧಾನವಾಗಿ. "ಡಾಕ್ಟರ್ ಜೀಪಿಗೆ ನಿಂಬಿಹಣ್ಣು ಯಾತರಿಂದ ಕಟ್ಟೀದಿ?"

"ಇದರಿಂದನೇ. ಮತ್ಯಾತರಿಂದ ಕಟ್ಟಲಿ?"

"ಎಲ್ಲಿ ಕಟ್ಟೀದಿ?"

"ದೀಪದ ಬೆನ್ನಿಗೆ. ಎಲ್ಲಿ ದೃಷ್ಟಿ ಆಗೇದ ಅಲ್ಲೇ ಕಟ್ಟಬೇಕಲ್ಲ? ಪ್ರತಿ ಸಲ ಉದುರಿ ಹೋಗ್ತದ ಅಂತ ಈ ಸಲ ವೈರಿಗೂ ಸೇರಿಸಿ ನಾಕು ಸುತ್ತು ಹೆಚ್ಚಿಗಿ ಬಿಗದೀನಿ." ಅಜ್ಜಿಯ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ತೃಪ್ತಿ ಇತ್ತು.

ಮಂಜರಿ ಸೊಪ್ಪನ್ನು ಹಾಗೇ ಬಿಟ್ಟು ಹಣೆ ಹಿಡಿದುಕೊಂಡಳು. ದೀಪದ ಬೆನ್ನಿಗೆ ಕರೆಂಟು ಬರುವ ಪಿನ್ನು. ಅದರ ಪಕ್ಕದಲ್ಲೇ ಕಬ್ಬಿಣದ ಪಟ್ಟಿ. ನಡುವೆ ಬರಿಮೈ ತಾಮ್ರದ ಎಳೆ, ಅದಕ್ಕೆ ಜೋತುಬಿದ್ದ ನಿಂಬೆಹಣ್ಣು. ಅಂಗಡಿಯಲ್ಲಿ ಜೀಪು ನಿಂತಿರುವಾಗ ಏನೂ ಆಗುವುದಿಲ್ಲ. ಹಳ್ಳಿಯ ರಸ್ತೆಯಲ್ಲಿ ಜೀಪು ಕುಣಿದು ನಿಂಬೆಹಣ್ಣು ತೂಗಾಡಿದರೆ ಎಳೆ ಹೋಗಿ ಪಿನ್ನಿಗೂ ಪಟ್ಟಿಗೂ ಒಟ್ಟಿಗೇ ತಾಗುತ್ತದೆ. ಫ್ಯೂಸು ಸುಡುತ್ತದೆ, ಎಳೆಯೂ ಸುಡುತ್ತದೆ, ನಿಂಬೆಹಣ್ಣು ರಸ್ತೆಗೆ ಬೀಳುತ್ತದೆ, ಸಾಕ್ಷಿ ಅಲ್ಲಿಗೆ ಮುಗಿಯಿತು. ದೀಪ ಕೆಟ್ಟಷ್ಟೂ ಅಜ್ಜಿ ಬಿಗಿಯಾಗಿ ಕಟ್ಟಿದಳು, ಬಿಗಿಯಾಗಿ ಕಟ್ಟಿದಷ್ಟೂ ದೀಪ ಕೆಟ್ಟಿತು.

ಪಡಸಾಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಮಲಕಪ್ಪ, ಆಪರೇಷನ್ ಆದ ಕಣ್ಣಿಗೆ ನೀರು ಬರಬಾರದೆಂದು ಡಾಕ್ಟರು ಹೇಳಿದ್ದನ್ನೂ ಮರೆತು ನಕ್ಕ.

ಮಂಜರಿಗೆ ನಗು ಬರಲಿಲ್ಲ. ಅವನಿಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು, ಮತ್ತೆ ಅದೇ. ನಾಳೆ ನಸುಕಿನಲ್ಲಿ ಅವನು ಮಂಜಿನೊಳಗೆ ಹೊರಡುತ್ತಾನೆ, ಅಜ್ಜಿಯ ನಾಲ್ಕು ಸುತ್ತು ಹೆಚ್ಚಿಗೆ ಬಿಗಿದ ತಾಮ್ರವನ್ನು ಕಟ್ಟಿಕೊಂಡು. ಅವಳೋ ಅವನ ಮೇಲೇ ಅನುಮಾನಪಟ್ಟು ಬೈದು ಕಳಿಸಿದ್ದಾಳೆ.

"ನಸುಕಿನ್ಯಾಗ ನಾನೇ ಹೋಗಿ ಬಿಚ್ಚಿ ಬರ್ತೀನಿ," ಎಂದಳು.

"ನಾನೂ ಬರಾಕಿ," ಎಂದಳು ಅಜ್ಜಿ. "ಕಟ್ಟಿದಾಕಿ ಮುಂದ ಇಲ್ಲದ ದೃಷ್ಟಿ ನಿಂಬಿಹಣ್ಣು ಬಿಚ್ಚಬಾರದು."

ಹೀಗೆ ಮರುದಿನ, ಕೋಳಿ ಕೂಗುವ ಹೊತ್ತಿಗೆ, ಕಾತ್ರಜ್‌ನಿಂದ ಕೊಂಢವಾಕ್ಕೆ ಹೋಗುವ ರಸ್ತೆಯಲ್ಲಿ ಒಂದು ಸ್ಕೂಟರು ಮಂಜನ್ನು ಸೀಳಿಕೊಂಡು ಹೋಯಿತು. ಮುಂದೆ ಸ್ವೆಟರಿನಲ್ಲಿ ಮಂಜರಿ, ಹಿಂದೆ ಮಫ್ಲರಿನಲ್ಲಿ ಅಜ್ಜಿ. ಬಿಲ್ಲಿನಲ್ಲಿ ಬರೆದಿದ್ದ ವಿಳಾಸ ಹಿಡಿದು ಹೋದರೆ, ಅವನ ಬಿಲ್ಡಿಂಗಿನ ಗೇಟಿನ ಹೊರಗೆ ಜೀಪು ನಿಂತಿತ್ತು. ಬಂಪರಿನ ಮೇಲೆ ನಿಂಬೆಹಣ್ಣು ಇಬ್ಬನಿಯಲ್ಲಿ ನೆನೆದು ಹೊಳೆಯುತ್ತಿತ್ತು.

"ಯಾರರೆ ಬಂದ್ರ ಕೆಮ್ಮು," ಎಂದು ಅಜ್ಜಿಯನ್ನು ಸ್ಕೂಟರಿನ ಮೇಲೆ ಕೂರಿಸಿ ಮಂಜರಿ ಜೀಪಿನ ಮುಂದೆ ಮೊಣಕಾಲೂರಿದಳು. ಇಕ್ಕಳದಂಥ ಪಕ್ಕಡ್ ಹಿಡಿದು ದೀಪದ ಬೆನ್ನಿಗೆ ಕೈ ಹಾಕಿದಳು. ಅಜ್ಜಿಯ ಬಿಗಿತ ಸಾಮಾನ್ಯದ್ದಲ್ಲ. ಮೊಣಕೈವರೆಗೆ ಒಳಗೆ ಹೋಗಬೇಕಾಯಿತು.

ಅಜ್ಜಿ ಕೆಮ್ಮಲಿಲ್ಲ. ಆ ಗಳಿಗೆಯಲ್ಲಿ ಅಜ್ಜಿ ಹುಡುಗನ ಹೊಸ ಅಂಗಿಯನ್ನು ನೋಡುವುದರಲ್ಲಿ ಮೈಮರೆತಿದ್ದಳು.

"ಖರೇ ಹೇಳ್ರಿ," ಎಂದಿತು ಮೇಲಿನಿಂದ ಒಂದು ದನಿ. "ವೈರು ನೀವೇ ಎಳೀತೀರೇನು?"

ಮಂಜರಿ ತಲೆ ಎತ್ತಿದಳು. ಈ ಸಲವೂ ಮೊದಲು ಕಂಡದ್ದು ಗಮ್‌ಬೂಟು. ಆಮೇಲೆ ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಔಷಧಿಯ ಬ್ಯಾಗು, ಅದರ ಮೇಲೆ ನಗು ತಡೆಯಲು ಒದ್ದಾಡುತ್ತಿದ್ದ ಮುಖ. ಅವಳ ಕೈಯಿನ್ನೂ ಅವನ ದೀಪದ ಒಳಗೇ ಇತ್ತು.

"ಫೋನ್ ಯಾಕ ಎತ್ತಲಿಲ್ಲ?" ಎಂದು ಕೇಳಿದಳು. ಸಿಕ್ಕಿಬಿದ್ದವರು ಮೊದಲು ಜೋರು ಮಾಡಬೇಕಲ್ಲ.

"ಜೀಪಿನೊಳಗೇ ಬಿಟ್ಟು ಹೋಗಿದ್ದೆ. ಈಗ ನೋಡ್ಬೇಕು. ನೀವೇನು ಮಾಡ್ಲಿಕತ್ತೀರಿ?"

"ನಮ್ಮ ತಪ್ಪು ಬಿಚ್ಚಾಕತ್ತೀನಿ." ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. "ಫಾಲ್ಟು ನಿಮ್ಮದಲ್ಲ ಡಾಕ್ಟರ್. ನಮ್ಮ ಮನೀದು. ಸ್ವಿಚ್ ಹಾಕ್ರಿ, ತೋರಸ್ತೀನಿ."

ಅವನು ಒಳಗೆ ಹೋಗಿ ಸ್ವಿಚ್ಚು ಹಾಕಿದ. ಮಂಜಿನಲ್ಲಿ ಎರಡು ಹಳದಿ ದಾರಿ ತೆರೆದುಕೊಂಡವು. ಮಂಜರಿ ಎದ್ದು ನಿಂತು ಕಡ್ಡಿಯೊಂದರಿಂದ ನಿಂಬೆಹಣ್ಣನ್ನು ತೂಗಿದಳು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಚಟ್ ಎಂದು ಕಿಡಿ ಹಾರಿತು, ದೀಪ ಎರಡೂ ಆರಿದವು, ನಿಂಬೆಹಣ್ಣು ಮೆಣಸಿನಕಾಯಿ ಸಮೇತ ಅವನ ಬೂಟಿನ ಮೇಲೆ ಬಿತ್ತು.

"ಅಯ್ಯ ನನ್ನವ್ವ! ನನ್ನ ನಿಂಬಿಹಣ್ಣಿನ್ಯಾಗ ಕರೆಂಟ್ ಎಲ್ಲಿಂದ ಬಂತು?" ಎಂದಳು ಅಜ್ಜಿ ಸ್ಕೂಟರಿನ ಮೇಲಿಂದ.

ಅವಧೂತ ಬೂಟನ್ನು ನೋಡಿದ, ಅಜ್ಜಿಯನ್ನು ನೋಡಿದ. ಜೀಪಿಗೆ ಆನಿಕೊಂಡು ಹೊಟ್ಟೆ ಹಿಡಿದು ನಕ್ಕ. ಮಂಜರಿಗೂ ಆಗ ನಗು ಬಂತು, ನಿನ್ನೆಯಿಂದ ತಡೆದಿಟ್ಟಿದ್ದ ಅಳುವೂ ಅದರ ಜೊತೆ ಸ್ವಲ್ಪ ಬಂತು. ಅವಳು ತಾಮ್ರದ ಎಳೆ ಪೂರ್ತಿ ಬಿಚ್ಚಿದಳು, ಪಿನ್ನಿನ ಮೇಲೆ ರಬ್ಬರಿನ ಕವಚ ಹಾಕಿ ಟೇಪು ಸುತ್ತಿದಳು. ಬಾನೆಟ್ಟು ಎತ್ತಿ ಸುಟ್ಟ ಫ್ಯೂಸು ತೆಗೆದಳು. ಸ್ವೆಟರಿನ ಜೇಬಿಗೆ ಕೈ ಹಾಕಿದಳು. ಚೀಲದಲ್ಲಿ ಹುಡುಕಿದಳು. ಪಕ್ಕಡ್ ಇತ್ತು, ಸ್ಕ್ರೂಡ್ರೈವರ್ ಇತ್ತು, ಟೇಪು ಇತ್ತು.

"ಫ್ಯೂಸು ತರಾಕ ಮರತೆ," ಎಂದಳು, ಮುಖ ಸಣ್ಣದು ಮಾಡಿ. "ಈ ಹೊತ್ನ್ಯಾಗ ಅಂಗಡಿ ಎಲ್ಲೂ ತಗದಿರೂದಿಲ್ಲ. ನೀವು ಹೆಂಗ ಹೋಗ್ತೀರಿ?"

ಅವಧೂತನ ನಗು ನಿಂತಿತು. ನಿನ್ನೆಯ ಹಾಗೆ ಮುಖ ಕಿವಿಯವರೆಗೆ ಕೆಂಪಾಯಿತು. ಬ್ಯಾಗನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. ಕೊನೆಗೆ ಬಾಗಿಲು ತೆಗೆದು, ಡ್ಯಾಶ್‌ಬೋರ್ಡಿನ ಖಾನೆಗೆ ಕೈ ಹಾಕಿ, ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಹೊರಗೆ ತೆಗೆದ. ಡಬ್ಬಿಯ ತುಂಬ ಹೊಸ ಫ್ಯೂಸುಗಳಿದ್ದವು.

ಮಂಜರಿ ಡಬ್ಬಿಯನ್ನೂ ಅವನನ್ನೂ ನೋಡಿದಳು.

"ಇವು ಯಾವಾಗಿಂದ ಇದಾವ?"

"ಮೊದಲನೇ ಸಲ ನಿಮ್ಮ ಅಂಗಡಿಯಿಂದ ಹೋದ ಮ್ಯಾಲಿಂದ."

"ಮತ್ತ ಹಾದಿಯೊಳಗ ದೀಪ ಹೋದ್ರ?"

"ನಾನೇ ಹೊಸಾದು ಹಾಕ್ಕೋತಿದ್ದೆ. ವಾರಪೂರ್ತಿ ಚಲೋ ಹತ್ತತಿದ್ವು." ಅವನು ಗಂಟಲು ಸರಿಮಾಡಿಕೊಂಡ. "ಶನಿವಾರ ಅದನ್ನ ತಗದು, ಸುಟ್ಟಿದ್ದನ್ನ ಮತ್ತ ಹಾ‌ಕಿ, ನಿಮ್ಮ ಕಡೆ ತರ್ತಿದ್ದೆ."

ಮಂಜಿನಲ್ಲಿ ಎಲ್ಲೋ ಒಬ್ಬ ಹಾಲಿನವನು ಸೈಕಲ್ ಗಂಟೆ ಬಾರಿಸಿಕೊಂಡು ಹೋದ.

"ವೈರಿಗೆ ಕೈ ಹಚ್ಚಿಲ್ಲ ಅಂದ್ರಿ!"

"ವೈರಿಗೆ ಹಚ್ಚಿಲ್ಲಲ್ರಿ. ನೀವು ಫ್ಯೂಸಿಂದು ಕೇಳಲಿಲ್ಲ." ಆಮೇಲೆ ಚೇಷ್ಟೆ ಬಿಟ್ಟು ನೇರವಾಗಿ ಅವಳನ್ನು ನೋಡಿದ. "ನಿನ್ನೆ ಸಿಟ್ಟು ಬಂದಿರಲಿಲ್ಲ. ಹೆದರಿದ್ದೆ. ಫಾಲ್ಟು ಸಿಕ್ಕ ದಿನಾ ನಾ ನಿಮ್ಮ ಅಂಗಡಿಗೆ ಬರ್ಲಿಕ್ಕೆ ಏನಂತ ಹೇಳ್ಲಿ? ನನಗ ಆ ಫಾಲ್ಟು ಸಿಗೂದು ಬ್ಯಾಡಾಗಿತ್ತು ಮಂಜರಿ. ನನಗ ನೀವು ಬೇಕಾಗಿದ್ರಿ."

ಬರೀ ಹೆಸರು ಹಿಡಿದು ಅವನು ಕರೆದದ್ದು ಇದೇ ಮೊದಲು. ಮಂಜರಿಗೆ ಸಿಟ್ಟು ಮಾಡಬೇಕೆಂದು ನೆನಪಿತ್ತು. ಸಿಟ್ಟು ಎಲ್ಲಿಟ್ಟಿದ್ದಳೋ ಸಿಗಲಿಲ್ಲ.

"ಗಲ್ಲಿಯಾಗ ನಮ್ಮಪ್ಪನ ಹೆಸರು ಹೋತು, ಗೊತ್ತದ ಏನು? ಮಲಕಪ್ಪನ ಮಗಳ ಕೈಕೆಲಸ ನಿಲ್ಲೂದಿಲ್ಲ ಅಂತಾರ."

ಅವನ ಮುಖ ಬಿಳಿಚಿತು. "ಇದು ನನ್ನ ತಲ್ಯಾಗೇ ಬರಲಿಲ್ಲ. ಖರೇನ ತಪ್ಪಾತು. ನಾ ಸರಿ ಮಾಡ್ತೇನಿ."

"ಹೆಂಗ ಮಾಡ್ತೀರಿ?"

"ಶನಿವಾರ ನೋಡ್ರಿ."

ಮಂಜರಿ ಡಬ್ಬಿಯಿಂದ ಒಂದು ಫ್ಯೂಸು ಆರಿಸಿ ಒತ್ತಿ ಕೂರಿಸಿದಳು. ದೀಪ ಹತ್ತಿದವು. ಉಳಿದ ಫ್ಯೂಸುಗಳ ಡಬ್ಬಿಯನ್ನು ವಾಪಸು ಕೊಡದೆ ತನ್ನ ಸ್ವೆಟರಿನ ಜೇಬಿಗೆ ಹಾಕಿಕೊಂಡಳು.

"ಇನ್ನ ಕೆಡೂದಿಲ್ಲ," ಎಂದಳು. ಬಾನೆಟ್ಟು ಹಾಕಿ, ಅದರ ಮೇಲಿನ ಇಬ್ಬನಿಯನ್ನು ಸುಮ್ಮಸುಮ್ಮನೆ ಒರೆಸುತ್ತ ಉಳಿದದ್ದನ್ನೂ ಹೇಳಿದಳು. "ನನಗೂ ಅದೇ ಹೆದರಿಕಿ ಇತ್ತು. ಫಾಲ್ಟು ಸಿಕ್ರ ನೀವು ಬರೂದಿಲ್ಲ ಅಂತ."

ಅವನು ಅವಳ ಗ್ರೀಸಿನ ಬೆರಳುಗಳ ಮೇಲೆ ತನ್ನ ಕೈಯಿಟ್ಟ. ಸ್ಕೂಟರಿನ ಮೇಲಿಂದ ದೊಡ್ಡದಾಗಿ ಕೆಮ್ಮು ಕೇಳಿಸಿತು.

"ಈಗ ಯಾರೂ ಬಂದಿಲ್ಲ ಅಜ್ಜಿ!" ಎಂದಳು ಮಂಜರಿ.

"ಗೊತ್ತದ," ಎಂದಳು ಅಜ್ಜಿ. "ನಾ ಇದೀನಿ ಅಂತ ನೆನಪು ಮಾಡಿದೆ. ಎಮ್ಮಿ ಕಾಯಾಕತ್ತೇದ, ಹೋಗಪಾ."

ಜೀಪು ಹೊರಟಿತು. ಹಳದಿ ಬೆಳಕು ಮಂಜಿನಲ್ಲಿ ಬಹಳ ದೂರದವರೆಗೆ ಕಾಣುತ್ತಿತ್ತು.

ಶನಿವಾರ ಬಂತು. ಮಧ್ಯಾಹ್ನದ ಬಿಸಿಲಿಗೆ ಗಲ್ಲಿ ಕಣ್ಣು ಚುಚ್ಚುವಷ್ಟು ಬೆಳಗುತ್ತಿತ್ತು. ಆ ಬಿಸಿಲಿನಲ್ಲಿ, ಎರಡೂ ಹಳದಿ ದೀಪ ಹಚ್ಚಿಕೊಂಡು, ಮದುವೆಯ ಮೆರವಣಿಗೆಯಂತೆ ನಿಧಾನವಾಗಿ ಜೀಪು ಬಂತು. ರಿಕ್ಷಾ ಸ್ಟ್ಯಾಂಡಿನ ಮುಂದೆ ನಿಂತಿತು. ಎಲ್ಲರೂ ಕತ್ತೆತ್ತಿ ನೋಡುವವರೆಗೆ ಕಾಯಿತು. ಮತ್ತೆ ಹೊರಟು ಪ್ರಲ್ಹಾದನ ಅಂಗಡಿಗೆ ಮುಖ ಮಾಡಿ ನಿಂತಿತು.

"ಡಾಕ್ಟರ್, ಹಗಲಿನಲ್ಲಿ ಯಾಕೆ ಲೈಟು?" ಎಂದು ಪ್ರಲ್ಹಾದ ಕೇಳಿದ.

ಅವಧೂತ ಇಡೀ ಗಲ್ಲಿಗೆ ಕೇಳುವಂತೆ ಮರಾಠಿಯಲ್ಲಿ ಹೇಳಿದ. "ಮಲಕಪ್ಪನವರ ಮಗಳು ಮಾಡಿದ ರಿಪೇರಿ. ಮೊದಲ ಸಲ ಮಾಡಿದ್ದೇ ಸರಿ ಇತ್ತು. ಕೆಡಿಸಿದ್ದು ನಾನು. ವಾರವಿಡೀ ಮಂಜಿನಲ್ಲಿ ಉರಿದಿವೆ, ಈಗಲೂ ಉರಿಯುತ್ತಿವೆ, ನೋಡಿಕೊಳ್ಳಿ."

ನಿಂಬೆಹಣ್ಣಿನ ಸುದ್ದಿಯನ್ನು ಅವನು ಎತ್ತಲಿಲ್ಲ. ಸ್ಟೂಲಿನ ಮೇಲಿದ್ದ ಅಜ್ಜಿಗೆ ಅದು ತಿಳಿಯಿತು. ಅವನ ಮೇಲಿನ ಅವಳ ಪ್ರೀತಿ ಆ ಒಂದು ಮಾತಾಡದ ಮಾತಿನಿಂದ ಎರಡು ಪಟ್ಟಾಯಿತು.

ಮಂಜರಿ ಕೈ ಒರೆಸಿಕೊಳ್ಳುತ್ತ ಬಂದಳು. ಗಿರಾಕಿಗಳನ್ನು ಕೇಳುವ ದನಿಯಲ್ಲೇ ಕೇಳಿದಳು. "ಏನು ತೊಂದ್ರಿ ಅದ ಡಾಕ್ಟರ್?"

"ಏನೂ ಇಲ್ರಿ."

"ಮತ್ತ ಯಾಕ ಬಂದ್ರಿ?"

"ಏನೂ ತೊಂದ್ರಿ ಇಲ್ಲ ಅಂತ ಹೇಳ್ಲಿಕ್ಕೆ ಬಂದೆ. ಇನ್ನ ಪ್ರತಿ ಶನಿವಾರ ಇದನ್ನೇ ಹೇಳ್ಲಿಕ್ಕೆ ಬರ್ತೇನಿ. ನಾಳೆ ಮಾತ್ರ ನಮ್ಮವ್ವನ್ನ ಕರಕೊಂಡು ನಿಮ್ಮ ಮನೀಗೆ ಬರ್ತೇನಿ, ಬ್ಯಾರೆ ಒಂದು ಮಾತು ಹೇಳ್ಲಿಕ್ಕೆ."

ಅಜ್ಜಿ ಎದ್ದಳು. ಅವಳ ಕೈಯಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ, ಆ ಮನೆಗೆ ಮೊದಲ ಸಲ ಕೊಂಡುತಂದಿದ್ದ ಹತ್ತಿಯ ದಾರದ ಉಂಡೆ. ಜೀಪಿನವರೆಗೆ ಬಂದವಳು ಒಮ್ಮೆ ಇಬ್ಬರ ಮುಖವನ್ನೂ ನೋಡಿ, ಎಲ್ಲವನ್ನೂ ಮೊಮ್ಮಗಳ ಕೈಗೆ ಕೊಟ್ಟಳು.

"ಈ ಸಲ ನೀ ಕಟ್ಟು. ನನಗ ಸೊಂಟ ನೋವು."

ಮಂಜರಿ ಬಂಪರಿನ ಕೊಕ್ಕೆಯ ಮುಂದೆ ಕೂತಳು, ದೀಪದಿಂದ ಸಾಕಷ್ಟು ದೂರಕ್ಕೆ. ಅವಧೂತ ಪಕ್ಕದಲ್ಲೇ ಕೂತು, ಗಂಟು ಜಾರದಂತೆ ದಾರದ ಮೇಲೆ ಬೆರಳಿಟ್ಟ. ಬೆರಳಿನ ಮೇಲೆ ಬೆರಳು ಬಂದು ಗಂಟು ಬೀಳಲು ಬಹಳ ಹೊತ್ತು ಹಿಡಿಯಿತು. ಜೀಪಿನ ದೀಪ ಆರಿಸುವ ನೆನಪು ಇಬ್ಬರಿಗೂ ಆಗಲಿಲ್ಲ. ಸಂಜೆ ಬ್ಯಾಟರಿ ಇಳಿದು ಜೀಪು ಸ್ಟಾರ್ಟಾಗದೆ ನಿಂತಾಗ ಪ್ರಲ್ಹಾದನೂ ರಿಕ್ಷಾದವರೂ ಸೇರಿ ಅದನ್ನು ಗಲ್ಲಿಯ ತುದಿಯವರೆಗೆ ನಗುತ್ತ ನೂಕಿದರು.